ಕ್ಯಾಸೆಟ್ಟಿನಲ್ಲಿ ಕನ್ನಡ ಪಾಠ

ಮುಂಬಯಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಹೊರಟವರಿಗೆ ವಾರಕ್ಕೊಂದಾದರೂ ಇಂಥ ಪ್ರಸಂಗ ಎದುರಾಗುತ್ತದೆ. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮಾತು. ಮಾಟುಂಗದಲ್ಲಿ ನಮ್ಮ ಸಂಘ ನಡೆಸುತ್ತಿದ್ದ ಭಾನುವಾರದ ಕ್ಲಾಸಿಗೆ ದಹಿಸರ್ ಮಕ್ಕಳು ಬರುತ್ತಿರಲಿಲ್ಲ. ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಅಷ್ಟು ದೂರ ಯಾರು ಕರೆತರುತ್ತಾರೆ? ಅದಕ್ಕೆ ನಾನು ಕಥೆಗಳನ್ನು ಕ್ಯಾಸೆಟ್ಟಿಗೆ ಓದಿ, ಚಿತ್ರದ ಪುಸ್ತಕದ ಜೊತೆ ಅವರ ಮನೆಗೇ ಕಳಿಸತೊಡಗಿದೆ. ಕೇಳುತ್ತಾ ಪುಟ ತಿರುಗಿಸಿದರೆ ಸಾಕು. ಮಕ್ಕಳಿಗೆ ರುಚಿ ಹತ್ತದಿದ್ದರೆ ಇದನ್ನೆಲ್ಲ ನಿಲ್ಲಿಸಿಬಿಡುತ್ತೇನೆಂದು ಸಂಘದ ಅಧ್ಯಕ್ಷರು ಮೊದಲೇ ಹೇಳಿದ್ದರು.

ಸಿಂಹದ ಗರ್ಜನೆ

ನಮ್ಮದು ಚಾಳ್, ಅಂದರೆ ವಠಾರ. ಕಿಟಕಿ ಮುಚ್ಚಬಹುದು, ಕೆಳಗೆ ಕೂಗುವವರ ಬಾಯಿ ಮುಚ್ಚುವುದು ಹೇಗೆ? "ಸಿಂಹ ಗರ್ಜಿಸಿ ಹೇಳಿತು" ಎಂದು ಓದಿ ನಾನು ಉಸಿರೆಳೆದುಕೊಳ್ಳುವ ಹೊತ್ತಿಗೇ ಈರುಳ್ಳಿ, ಆಲೂಗಡ್ಡೆ ಗಾಡಿಯವನು ಮರಾಠಿಯಲ್ಲಿ ಕೂಗುತ್ತಾ ಬಂದಿದ್ದ. ಮುಂದೆ ದಹಿಸರಿಗೆ ಹೋದಾಗ, ಸಿಂಹ ಏನಂತು ಮಕ್ಕಳೇ ಎಂದು ಕೇಳಿದೆ. ಎಲ್ಲರೂ ಒಟ್ಟಿಗೆ ಹೇಳಿದರು: "ಕಾಂದೇ, ಬಟಾಟೇ."

ಖಾಲಿ ಕ್ಯಾಸೆಟ್

ವಾಪಸು ಬಂದ ಕ್ಯಾಸೆಟ್ ಒಂದನ್ನು ಹಾಕಿದೆ. "ಆಗ ಮೊಲ..." ಎಂಬಲ್ಲಿಗೆ ನನ್ನ ದನಿ ನಿಂತು ಹಿಂದಿ ಸಿನಿಮಾ ಹಾಡು ಶುರುವಾಯಿತು. ಎರಡೂ ಬದಿ ಅದೇ. ಗಂಟಲು ಹರಿದುಕೊಂಡು ಓದಿದವಳಿಗೆ ಹೊಟ್ಟೆ ಉರಿಯದೇ ಇರುತ್ತದೆಯೇ? ಮಗುವಿನ ತಂದೆ ಉಡುಪಿ ಕಡೆಯವರು, ಹೋಟೆಲಿನ ಯಜಮಾನರು. ಹೋಗಿ ತರಾಟೆಗೆ ತೆಗೆದುಕೊಂಡೆ. ಅವರು ಸಮಾಧಾನವಾಗಿ ಹೇಳಿದರು: "ಖಾಲಿ ಉಂಟಲ್ಲ ಅಂತ ರೆಕಾರ್ಡ್ ಮಾಡಿದ್ದು. ಅದ್ರಲ್ಲಿ ಏನೂ ಇರ್ಲಿಲ್ಲ ಮಾರಾಯ್ರೆ, ಬರೀ ಕನ್ನಡ."

ಅರ್ಥ ಗೊತ್ತೇ?

ಕೊನೆಗೆ ಪರೀಕ್ಷೆ ಮಾಡಲು ಅಧ್ಯಕ್ಷರೇ ದಹಿಸರಿಗೆ ಬಂದರು. ಅವರು ಬೇಡವೆಂದರೆ ಪಾಠ ಅಂದಿಗೇ ಮುಗಿದಂತೆ. ಮನೆಯಲ್ಲಿ ಹಿಂದಿಯನ್ನೇ ಆಡುವ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಒಂದೂರಿನಲ್ಲಿ ಒಬ್ಬ ಜಿಪುಣ ಸಾಹುಕಾರ ಇದ್ದ" ಎಂದು ಅಚ್ಚುಕಟ್ಟಾಗಿ ಶುರು ಮಾಡಿದಳು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಅಧ್ಯಕ್ಷರು ಅಲ್ಲಿಗೇ ತಡೆದರು. ಇದು ಬರೀ ಗಿಳಿಪಾಠ, ಅರ್ಥವಾಗದೆ ಒದರುವುದಕ್ಕೆ ಸಂಘದ ಕ್ಯಾಸೆಟ್ ಯಾಕೆ ಹಾಳು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಅವರು ಹುಡುಗಿಯತ್ತ ಬಾಗಿ ಕೇಳಿದರು: "ಜಿಪುಣ ಅಂದ್ರೆ ಯಾರಮ್ಮ?"

ಕ್ಯಾಸೆಟ್ಟಿಗೆ ಆ ಸಾಲು ಓದಿದ ಮೇಲೆ ನಾನು ಮನೆಯವರ ಕಡೆ ತಿರುಗಿ ಒಂದು ಮಾತಾಡಿದ್ದು, ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದು, ಎರಡೂ ಆಗಲೇ ನೆನಪಾಯಿತು. ಹುಡುಗಿ ನನ್ನದೇ ರಾಗದಲ್ಲಿ ಮುಂದುವರಿಸಿದಳು.

"ರೀ, ನಮ್ಮ ಅಧ್ಯಕ್ಷರಿಲ್ವೇ, ಥೇಟ್ ಅವರ ಹಾಗೆ."

ಕ್ಯಾಸೆಟ್ ಪಾಠ ನಿಲ್ಲಲಿಲ್ಲ. ಅವಳಿಗೆ ಅರ್ಥ ಗೊತ್ತಿಲ್ಲ ಎನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.