ಬಿನ್ನವತ್ತಳೆಯಲ್ಲಿ ಹಾರಿಸಿದ ಸಾಲು

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು. ಮದರಾಸಿನಲ್ಲಿ ವಾರಾನ್ನದ ಮನೆಗಳಲ್ಲಿ ಉಂಡು ಓದಿದವನಿಗೆ ಆ ಎರಡಕ್ಷರ ಎಷ್ಟು ಸಿಹಿಯೆಂದು ಉಳ್ಳವರಿಗೆ ತಿಳಿಯದು. ನಾನು ಮೇಷ್ಟರಾಗಿರುವ ಹೊಸಪೇಟೆಯಲ್ಲಿ ಯಾರಿಗೆ ಸನ್ಮಾನವಾದರೂ ಬಿನ್ನವತ್ತಳೆ ಬರೆಯುವ ಕೆಲಸ ನನ್ನದೇ. ಸನ್ಮಾನಿತರನ್ನು ನಾನು ಕಂಡಿರಲೇಬೇಕೆಂದಿಲ್ಲ. ಗುಣಗಳೆಲ್ಲ ನನ್ನ ಮಸಿಕುಡಿಕೆಯಲ್ಲಿ ಸಿದ್ಧವಾಗಿರುತ್ತವೆ.

ಕಂಪ್ಲಿಯ ಪೈಲ್ವಾನರು ಕೊಲ್ಹಾಪುರದ ಜಟ್ಟಿಯನ್ನು ಚಿತ್ ಮಾಡಿದಾಗಲೂ ನಾನೇ ಬರೆದೆ. ಗರಡಿಯಲ್ಲಿ ಹನುಮಪ್ಪನನ್ನು ಪೂಜಿಸುವವರಲ್ಲವೇ ಎಂದು ‘ಏಕಪತ್ನೀವ್ರತದಲ್ಲಿ ಶ್ರೀರಾಮಚಂದ್ರನಿಗೆ ಸಮಾನರಾದವರೇ’ ಎಂಬ ಸಾಲನ್ನೂ ಸೇರಿಸಿ, ಬಳ್ಳಾರಿಯಲ್ಲಿ ಅಚ್ಚು ಹಾಕಿಸಿ, ಕಂಪ್ಲಿಗೊಂದು ಪ್ರತಿ ಕಳಿಸಿದೆ. ಅದೇ ವಾರ ಸುದ್ದಿ ಬಂತು: ಪೈಲ್ವಾನರು ಸಂಡೂರಿನಲ್ಲಿ ಇನ್ನೊಂದು ಸಂಸಾರ ಇಟ್ಟಿದ್ದಾರೆ. ಅಂಗಡಿಗಳ ಗೋಡೆಯಿಂದ ಅವರ ಪಟಗಳು ಇಳಿದವು. ಸನ್ಮಾನ ಸಮಿತಿಯ ಅಧ್ಯಕ್ಷರಾದ ಅಕ್ಕಿ ಗಿರಣಿ ಸಾಹುಕಾರರಂತೂ, “ಕುಸ್ತಿ ಗೆದ್ದಿದ್ದೂ ಸುಳ್ಳಿರಬೇಕು ಬಿಡ್ರಿ ಮೇಷ್ಟ್ರ,” ಎಂದರು.

“ನೀವೇ ಮುಂದ ಕುಂತು ನೋಡಿದ್ರಲ್ರಿ?”

“ಅವತ್ತು ಇದೆಲ್ಲ ಗೊತ್ತಿರಲಿಲ್ಲಲ್ರೀ!”

ಬೆಳ್ಳಿ ಗದೆ ಆಗಲೇ ಸಿದ್ಧವಾಗಿದ್ದರಿಂದ ಸಭೆ ನಿಲ್ಲಲಿಲ್ಲ. ಸಭೆಯ ದಿನ ಬೆಳಿಗ್ಗೆ ಕಂಪ್ಲಿಯಿಂದ ಪೈಲ್ವಾನರ ಹೆಂಡತಿ ನಮ್ಮ ಮನೆಗೆ ಬಂದರು. ನಾನು ಕಳಿಸಿದ್ದ ಹಾಳೆಯನ್ನು ಯಾರಿಂದಲೋ ಓದಿಸಿಕೊಂಡಿದ್ದರು. ಕುಂದ್ರಿ ಎಂದರೂ ಕೂರಲಿಲ್ಲ. “ಗೆದ್ದದ್ದು ಓದ್ರಿ ಮೇಷ್ಟ್ರ. ರಾಮಚಂದ್ರನ ಮಾತು ಬ್ಯಾಡ. ಅವರಿಗೇನ್ರಿ, ಮಂದಿ ನಗೋದು ನನ್ನ ಮಾರಿ ನೋಡಿ.” ಆ ಸಾಲು ಓದುವುದಿಲ್ಲವೆಂದು ಮಾತು ಕೊಟ್ಟೆ.

ಓದಲೂ ಇಲ್ಲ. ಆದರೆ ಸಭೆಗೆ ಮುಂಚೆ ಆ ಹಾಳೆಗಳನ್ನು ಜನಕ್ಕೆಲ್ಲ ನಾನೇ ಹಂಚಿಸಿದ್ದೆ. ಕೆಳಗೆ ನನ್ನ ಹೆಸರಿನ ಮುಂದೆ ಬಿ.ಎ. ದಪ್ಪ ಅಕ್ಷರದಲ್ಲಿತ್ತಲ್ಲ! ಹಾಳೆಯ ಮೇಲೆ ಬೆರಳಿಟ್ಟು ಕೇಳುತ್ತಿದ್ದವನೊಬ್ಬ ಕೂಗಿದ: “ಮೇಷ್ಟ್ರ, ಒಂದು ಸಾಲು ಹಾರಿಸಿದ್ರಿ ನೋಡ್ರಿ!” ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಸಾಲನ್ನು ಸಭೆಯೆಲ್ಲ ಹುಡುಕಿ ಓದಿತು. ನಗೆ ಹಿಂದಿನಿಂದ ಮುಂದಕ್ಕೆ ಬಂತು. ಪೈಲ್ವಾನರು ಗದೆಯ ಹಿಡಿಯನ್ನೇ ನೋಡುತ್ತಾ ಕುಳಿತರು. ಹೆಂಗಸರ ಕಡೆಯಿಂದ ಆಕೆ ಎದ್ದು, ಸೆರಗು ಹೊದ್ದು, ಎಲ್ಲರ ಮುಂದೆ ಹಾದು ಹೊರಗೆ ಹೋದರು.

ಮರುವರ್ಷ ಪೈಲ್ವಾನರು ಇನ್ನೊಬ್ಬನನ್ನು ಕೆಡವಿದರು. ಪಟಗಳು ಗೋಡೆಗೆ ಮರಳಿದವು. ಆಕೆ ಮಾತ್ರ ಮತ್ತೆ ಹೊಸಪೇಟೆಗೆ ಬಂದಿಲ್ಲ.

ನಾನು ಈಗಲೂ ಬಿನ್ನವತ್ತಳೆ ಬರೆಯುತ್ತೇನೆ. ಆದರೆ ಅಚ್ಚಿಗೆ ಮೊದಲು ಸನ್ಮಾನಿತರ ಹೆಂಡತಿಗೆ ಓದಿ ಹೇಳುತ್ತೇನೆ. ಅವರು ಬೇಡವೆಂದದ್ದನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವುದು ಹೆಸರು, ಊರು, ಅಷ್ಟೆ. ಕೆಳಗಿನ ಬಿ.ಎ.ಯನ್ನು ಮಾತ್ರ ಇದುವರೆಗೆ ಯಾರೂ ಹೊಡೆಸಿಲ್ಲ. ನನ್ನ ಹೆಂಡತಿಗೆ ಇನ್ನೂ ಓದಿ ಹೇಳಿಲ್ಲ.