ದೇಸಾಯರ ಪರರಾಷ್ಟ್ರ ಮಂಡಳಿ

ಯಾರಾದರೂ ದೂರದ ದೇಶಗಳ ರಾಜಕಾರಣವನ್ನು ಬಲ್ಲವರಂತೆ ಮಾತಾಡತೊಡಗಿದರೆ ನಾನು ಮೆಲ್ಲಗೆ ಎದ್ದು ಚಪ್ಪಲಿ ಹುಡುಕುತ್ತೇನೆ. ಇದು ಸೊಕ್ಕಲ್ಲ, ಅನುಭವ. ಕಣ್ಣೆದುರಿನ ಸಂಗತಿಯ ಮೇಲೆ ಅಭಿಪ್ರಾಯ ಕೊಡುವವನಿಗೆ ಒಂದು ಅಂಜಿಕೆ ಇರುತ್ತದೆ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದವನ ಮಾತು ಸುಳ್ಳಾದರೆ ಮುಂದಿನ ಸಂತೆಯಲ್ಲಿ ಅವನು ಮುಖ ತೋರಿಸುವಂತಿಲ್ಲ. ವೈದ್ಯನ ಗುಳಿಗೆ ಕೈಕೊಟ್ಟರೆ ರೋಗಿಯ ಮನೆಯವರು ಅವನ ಬಾಗಿಲಿಗೆ ಬರುತ್ತಾರೆ. ಆದರೆ ಈಜಿಪ್ಟಿನ ವಿಷಯದಲ್ಲಿ ತಪ್ಪು ಹೇಳಿದವನ ಬಾಗಿಲಿಗೆ ಈಜಿಪ್ಟಿನಿಂದ ಯಾರೂ ಬಂದದ್ದನ್ನು ನಾನು ಕಂಡಿಲ್ಲ. ಈ ಉದ್ಯೋಗಕ್ಕೆ ಇಷ್ಟು ಜನ ಮುಗಿಬೀಳುವುದೂ, ಒಮ್ಮೆ ಸೇರಿದವರು ಸಾಯುವತನಕ ಬಿಡದಿರುವುದೂ ಇದೇ ಕಾರಣಕ್ಕೆ. ಹೊರಗೆ ನಿಂತು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಅಂಥದೊಂದು ಮಂಡಳಿಗೆ ನಾನೇ ಕಾರ್ಯದರ್ಶಿಯಾಗಿದ್ದೆ.

ಕುಷ್ಟಗಿ ತಾಲೂಕಿನ ಒಂದು ಊರಲ್ಲಿ ಆಗ ನಾನು ಶಾಲೆಯ ಮಾಸ್ತರ. ಊರಿನ ಹೆಸರು ಹೇಳುವುದಿಲ್ಲ. ಊರಿನ ಜಮೀನ್ದಾರ ದೇಸಾಯರ ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ, ಗಟ್ಟಿಮುಟ್ಟಾಗಿಯೂ ಇದ್ದಾರೆ. ಇಂಗ್ರೇಜರು ಹೋದ ವರ್ಷ ಅದು. ಗಡಿಯಾಚೆ, ಗಜೇಂದ್ರಗಡದ ಕಡೆ, ಜನ ಬಾವುಟ ಏರಿಸಿ ಪೇಢೆ ಹಂಚಿದರು. ನಾವು ಹೈದರಾಬಾದ್ ಸಂಸ್ಥಾನದವರು. ನಮ್ಮ ಸರಕಾರ ತಾನೇ ಒಂದು ಬೇರೆ ದೇಶವಾಗುತ್ತೇನೆಂದು ಹಟ ಹಿಡಿದು ಕೂತಿತ್ತು. ಬೇರೆ ದೇಶವೆಂದ ಮೇಲೆ ಹೊರದೇಶಗಳಿಗೆ ರಾಯಭಾರಿಗಳು ಬೇಕು. ರಾಯಭಾರಿ ಎಂದರೆ ದೊಡ್ಡ ಮನೆತನದವನಿರಬೇಕು, ಉರ್ದು ಬಲ್ಲವನಿರಬೇಕು, ಕೂತಲ್ಲಿಂದ ಏಳುವ ಅವಸರ ಇಲ್ಲದವನಿರಬೇಕು. ಈ ಮೂರೂ ನಮ್ಮ ದೇಸಾಯರಲ್ಲಿ ಇವೆ ಎಂದು ಕಂಡುಹಿಡಿದವರು ವಕೀಲ ಶೇಷಗಿರಿರಾಯರು. ಕೋರ್ಟಿನಲ್ಲಿ ರಾಯರಿಗೆ ಕಕ್ಷಿದಾರರು ಕಡಿಮೆ. ಹೀಗಾಗಿ ಜಗತ್ತಿನ ಕಡೆ ಗಮನ ಕೊಡಲು ಬೇಕಾದಷ್ಟು ಬಿಡುವಿತ್ತು.

“ಸಾಹೇಬ್ರ, ನಾಳೆ ಹುಕುಂ ಬಂದ್ರ ನೀವು ತಯಾರಿರಬೇಕು ನೋಡ್ರಿ. ಯಾವ ದೇಶಕ್ಕ ಹೋಗತೀರಿ ಅಂತ ಕೇಳಿದಾಗ, ವಿಚಾರ ಮಾಡಿ ಹೇಳತೀನಿ ಅಂದ್ರ ಮನೆತನದ ಮರ್ಯಾದಿ ಏನಾಗ್ತದ?” ಎಂದರು ರಾಯರು.

ದೇಸಾಯರಿಗೆ ಮಾತು ನಾಟಿತು. ವಾಡೆಯ ಮಹಡಿ ಗುಡಿಸಿ ಜಮಖಾನೆ ಹಾಸಿದರು, ಲೋಡು ಇಟ್ಟರು. ಮಂಡಳಿ ಹುಟ್ಟಿದ್ದು ಹೀಗೆ. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ದುಂಡಗೆ ಬರೆಯುತ್ತಾನೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಮೊದಲನೆಯ ಪರಿಣತರು ರಾಯರು, ಎರಡನೆಯವರು ಬಸ್ರಾ ಗುರುನಾಥಪ್ಪ. ಮೊದಲನೆಯ ಮಹಾಯುದ್ಧದಲ್ಲಿ ಪಲ್ಟನ್ನಿನ ಸಾಮಾನು ಬರೆಯುವ ಗುಮಾಸ್ತರಾಗಿ ಬಸ್ರಾಕ್ಕೆ ಹೋದವರು. ಬಂದರಿನಲ್ಲಿ ಇಳಿದ ಕೂಡಲೇ ಆಮಶಂಕೆ ಹಿಡಿದು ಆಸ್ಪತ್ರೆ ಸೇರಿ, ಅದೇ ಹಡಗಿನಲ್ಲಿ ವಾಪಸಾದರು. ಆದರೂ ಯಾವ ದೇಶದ ಮಾತು ಬಂದರೂ ಅವರು ಶುರು ಮಾಡುವುದು “ನಾ ಬಸ್ರಾದಾಗ ಇದ್ದಾಗ” ಎಂದೇ. ಅವರು ಅಲ್ಲಿ ಮಂಚದ ಮೇಲಿದ್ದರೇ ಹೊರತು ಊರಲ್ಲಿರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಯಾರೂ ಹೇಳುತ್ತಿರಲಿಲ್ಲ, ಯಾಕೆಂದರೆ ಮಿಕ್ಕವರು ಅಷ್ಟು ದೂರವೂ ಹೋದವರಲ್ಲ.

ಯಾವ ದೇಶ ಎಂಬ ಚರ್ಚೆ ದೀಪಾವಳಿಯಿಂದ ಸಂಕ್ರಾಂತಿವರೆಗೆ ನಡೆಯಿತು. ಪ್ರತಿ ಸಭೆಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ, ಚಹಾ. ದೇಸಾಯರು ಮೊದಲು ಇಂಗ್ಲೆಂಡ್ ಎಂದರು. ಇಂಗ್ಲೆಂಡ್ ಜಗತ್ತಿನ ಕಣ್ಣು ಎಂದು ಪರಿಣತರಿಬ್ಬರೂ ಒಪ್ಪಿದರು. ಮರುವಾರ ದೇಸಾಯರಿಗೆ ಚಳಿಯ ನೆನಪಾಯಿತು. ಇಂಗ್ಲೆಂಡಿನ ಕಥೆ ಮುಗಿದಂತೆ ಎಂದು ಇಬ್ಬರೂ ಸಾಧಿಸಿ ತೋರಿಸಿದರು. ತುರ್ಕಸ್ಥಾನ ಬಂತು, ಹೋಯಿತು. ಅಭಿಪ್ರಾಯಗಳು ಮೊದಲು ದೇಸಾಯರ ಹೊಟ್ಟೆಯಲ್ಲಿ ಹುಟ್ಟಿ ಆಮೇಲೆ ಪರಿಣತರ ಬಾಯಿಗೆ ಏರುತ್ತಿದ್ದವು. ಕಡೆಗೆ ಈಜಿಪ್ಟ್ ಎಂದು ನಿಂತಿತು. ಅಲ್ಲಿ ಉಳ್ಳಾಗಡ್ಡಿ ಧಾರಾಳ ಸಿಗುತ್ತದೆ, ರೊಟ್ಟಿಯೂ ನಮ್ಮ ರೊಟ್ಟಿಯಂತೆಯೇ ಇರುತ್ತದೆ ಎಂದು ಗುರುನಾಥಪ್ಪ ಭರವಸೆ ಕೊಟ್ಟಿದ್ದರು. ಬಸ್ರಾಕ್ಕೂ ಈಜಿಪ್ಟಿಗೂ ಎಷ್ಟು ದೂರ ಎಂದು ನಾನು ಕೇಳಿದೆ. “ಒಂದ ನೀರು, ಒಂದ ಗಾಳಿ, ಮಾಸ್ತರ. ಬರಕೋರಿ ನೀವು” ಎಂದರು. ಬರೆದುಕೊಂಡೆ.

ಆಮೇಲೆ ಊಟದ ಅಭ್ಯಾಸ. ರಾಯಭಾರಿಗಳು ಕೈಯಲ್ಲಿ ಉಣ್ಣುವುದಿಲ್ಲವೆಂದು ರಾಯರು ಎಲ್ಲಿಂದಲೋ ಮುಳ್ಳುಚಮಚ, ಚಾಕು ತರಿಸಿದರು. ಕಟಿರೊಟ್ಟಿಯನ್ನು ಚಾಕುವಿನಿಂದ ಕೊಯ್ಯುವುದನ್ನು ನೀವು ನೋಡಿದ್ದೀರೋ ಇಲ್ಲವೋ. ರೊಟ್ಟಿ ಬಂದೂಕಿನ ಸದ್ದು ಮಾಡಿ ನಾಲ್ಕು ದಿಕ್ಕಿಗೆ ಸಿಡಿಯಿತು. ಎಣ್ಣೆಗಾಯಿ ಬದನೆಕಾಯಿಗೆ ಮುಳ್ಳುಚಮಚ ಹಾಕಿದ್ದೇ ತಡ, ಅದು ಜಿಗಿದು ರಾಯರ ಕೋರ್ಟಿನ ಕರಿ ಕೋಟಿನ ಮೇಲೆ ಕೂತಿತು. ರಾಯರು ಕೋಟು ಒರೆಸಿಕೊಳ್ಳುತ್ತ, “ಲಂಡನ್ನಿನ್ಯಾಗೂ ಹಿಂಗ ಆಗ್ತದ ಸಾಹೇಬ್ರ” ಎಂದರು.

ಇಷ್ಟರವರೆಗೆ ನೆನೆದರೆ ಈಗಲೂ ನಗು ಬರುತ್ತದೆ. ಮುಂದಿನದಕ್ಕೆ ಅಷ್ಟು ಬರುವುದಿಲ್ಲ. ಬೇಸಿಗೆ ಬಂತು, ಜೊತೆಗೆ ಸಂಸ್ಥಾನದ ಪರ ಆಯುಧ ಹಿಡಿದ ರಜಾಕಾರರ ಅಂಜಿಕೆಯೂ ಬಂತು. ಪಕ್ಕದ ಹಳ್ಳಿಯಲ್ಲಿ ಬಣವೆಗಳು ಸುಟ್ಟವು. ನಮ್ಮ ಓಣಿಯಲ್ಲಿ ಒಂದೊಂದೇ ಮನೆಗೆ ಬೀಗ ಬೀಳತೊಡಗಿತು. ಒಂದು ಮಧ್ಯಾಹ್ನ ವಾಡೆಯ ಕೆಳಗೆ ಸಾಲಾಗಿ ಬಂಡಿಗಳು ಹೋದವು: ಮೇಲೆ ಬೀಸುಕಲ್ಲು, ಕೌದಿ, ಮುದುಕಿಯರು, ಹಿಂದೆ ಕಟ್ಟಿದ ಎಮ್ಮೆ. ಮಹಡಿಯ ಮೇಲೆ ಆಗ ನೈಲ್ ನದಿಯ ನೀರಿನ ಹಂಚಿಕೆಯ ಬಗ್ಗೆ ನಮ್ಮ ಧೋರಣೆ ಏನಿರಬೇಕು ಎಂಬ ವಿಚಾರ ನಡೆದಿತ್ತು. ಗಾಲಿಗಳ ಸದ್ದಿಗೆ ಮಾತು ಕೇಳಿಸದೆ, ರಾಯರು ಎದ್ದು ಕಿಟಕಿ ಮುಚ್ಚಿದರು.

ನನ್ನದೊಂದು ಸಂಕಟ ಇದರ ನಡುವೆ. ನನ್ನ ಹೆಂಡತಿ ಗಂಗಾ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ತವರು ಗಜೇಂದ್ರಗಡದ ಹತ್ತಿರ. ಬಂಡಿ ಕಟ್ಟಿದರೆ ಬೆಳಿಗ್ಗೆ ಹೊರಟು ಸಂಜೆಗೆ ಮುಟ್ಟುವ ದಾರಿ. ಯುಗಾದಿಯ ಮುಂಚೆ ಗಂಡುಮಗು ಆಯಿತೆಂದು ಸುದ್ದಿ ಬಂತು, ತೊಟ್ಟಿಲಿಗೆ ಬಾ ಎಂದೂ ಬಂತು. ಬೇರೆ ಯಾರಾದರೂ ಆಗಿದ್ದರೆ ಪಟಕಾ ಸುತ್ತಿಕೊಂಡು ಹೊರಡುತ್ತಿದ್ದರು. ನಾನು ಕಾರ್ಯದರ್ಶಿ. ಮಂಡಳಿಯನ್ನು ಕೇಳಿದೆ.

ರಾಯರು ಕಣ್ಣು ಮುಚ್ಚಿ ತೆರೆದರು. “ಮಾಸ್ತರ್ರ, ನೀವು ಈಗ ಸಾದಾ ಮನುಷ್ಯ ಅಲ್ಲ. ನಾಳಿನ ರಾಯಭಾರಿಗಳ ಕಾರ್ಯದರ್ಶಿ. ನೀವು ಗಡಿ ದಾಟಿದ್ರ ಅದು ರಾಜಕೀಯ ಹೆಜ್ಜಿ ಆಗ್ತದ. ಎರಡೂ ಸರಕಾರದ್ದು ಕರಾರು ಆಗಲಿ, ಆಮ್ಯಾಲೆ ನೋಡೋಣು.”

“ಕರಾರು ಯಾವಾಗ ಆಗತೈತ್ರಿ?”

“ಇಂಥಾದಕ್ಕೆಲ್ಲ ಅವಸರ ಮಾಡಬಾರದು.”

ನಾನು ಮನೆಗೆ ಬಂದು ಇದನ್ನು ಗಂಭೀರವಾಗಿ ಅವ್ವನಿಗೆ ತಿಳಿಸಿದೆ. ನನಗೆ ಆಗ ನಾಚಿಕೆಯ ಬದಲು ಒಳಗೊಳಗೆ ಹೆಮ್ಮೆಯೇ ಆಗಿತ್ತು. ನನ್ನ ಕಾಲಿನ ಹೆಜ್ಜೆಗೆ ಎರಡು ಸರಕಾರಗಳು ಕಾಯುತ್ತಿವೆಯಲ್ಲ ಎಂದು. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

“ನಿನ್ನ ದೇಶ ತಯಾರಾಗೂತನಕ ಕೂಸು ಹೆಸರಿಲ್ಲದ ಇರಬೇಕೇನು? ನೀ ಕುಂದರು. ನಾ ಹೊಕ್ಕೀನಿ.”

ಹೋದಳು. ನೆರೆಯವರ ಬಂಡಿಯಲ್ಲಿ, ಕುಬಸದ ಖಣ, ಕೂಸಿನ ತಲೆಗೆ ಕುಲಾಯಿ, ಒಣಕೊಬ್ಬರಿ ಕಟ್ಟಿಕೊಂಡು ಹೋದವಳು ವಾರ ಕಳೆದು ಬಂದಳು. ಗಡಿಯಲ್ಲಿ ಯಾರೂ ತಡೆಯಲಿಲ್ಲವೇ ಎಂದು ಕೇಳಿದೆ. “ಯಾರು ತಡೀತಾರ? ಸುಂಕದ ನಾಕಾದಾಗ ಜವಾನ ನೀರು ಕೇಳಿದ, ಕೊಟ್ಟೆ” ಎಂದಳು. ಮಗು ಹೇಗಿದೆ ಎಂದೆ. “ನಿನ್ನಂಗ ಐತಿ. ಎಲ್ಲಿ ಹಾಕಿದ್ರ ಅಲ್ಲೇ ಬಿದ್ದಿರತೈತಿ.” ಮಾವನವರು ಏನೆಂದರು ಎಂದು ಕೇಳಿದ್ದಕ್ಕೆ, “ಏನೂ ಅನಲಿಲ್ಲ. ಅನ್ನಬೇಕಿತ್ತು” ಎಂದು ಒಳಗೆ ಹೋದಳು.

ಮಳೆಗಾಲ ಬಂತು. ಮಗುವಿಗೆ ಜ್ವರ ಬಂದು ಹೋಯಿತೆಂದು ತಡವಾಗಿ ಗೊತ್ತಾಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಮಂಡಳಿಯ ಮುಂದೆ ನಿಂತು, ಯಾವ ಧೋರಣೆ ಇರಲಿ ಬಿಡಲಿ, ನಾನು ಹೋಗುವವನೇ ಎಂದೆ. ಹೋಗುವುದಾದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ರಹದಾರಿ ಹಿಡಿದು ಹೋಗಬೇಕು ಎಂದರು ರಾಯರು. ಬಸ್ರಾದಲ್ಲಿ ಆಸ್ಪತ್ರೆಯಿಂದ ಹೊರಗೆ ಬರಲಿಕ್ಕೂ ರಹದಾರಿ ಬೇಕಿತ್ತು ಎಂದರು ಗುರುನಾಥಪ್ಪ. ನನ್ನ ರಹದಾರಿಯನ್ನು ನಾನೇ ಮೂರು ಲಿಪಿಗಳಲ್ಲಿ ಬರೆದೆ. ಈ ಗೃಹಸ್ಥರು ನಮ್ಮ ರಾಯಭಾರ ಕಚೇರಿಯವರು, ಇವರನ್ನು ಯಾವ ದೇಶದವರೂ ತಡೆಯಕೂಡದು ಎಂದು ಅದರ ಒಕ್ಕಣೆ. ದೇಸಾಯರು ಅರಗು ಕಾಸಿ ಮನೆತನದ ಮೊಹರು ಒತ್ತಿದರು.

ಸುಂಕದ ನಾಕಾದ ಜವಾನ ಹುಸೇನಸಾಬ ನನಗೆ ಪರಿಚಯದವನು. ಅವನ ಮಗಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ದೂರದಿಂದಲೇ ಕೈ ಮಾಡಿ, “ಮಗನ್ನ ನೋಡಾಕ ಹೊಂಟೀರೇನ್ರಿ ಮಾಸ್ತರ, ಹೋಗ್ರಿ ಹೋಗ್ರಿ, ಮಾಡ ಹಾಕೇತಿ, ಮಳಿ ಬರತೈತಿ” ಎಂದ. ಅಷ್ಟಕ್ಕೆ ಹೋಗಿಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ನಿಂತು, ರಹದಾರಿ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ. ಅವನು ಉರ್ದು ಭಾಗವನ್ನು ನಿಧಾನವಾಗಿ ಓದಿದ. ಮುಖ ಸಣ್ಣಗಾಯಿತು.

“ಇದ್ಯಾಕ ತೋರಿಸಿದ್ರಿ ಮಾಸ್ತರ? ತೋರಿಸದಿದ್ರ ನಾ ನಿಮ್ಮನ್ನ ಕಂಡಿಲ್ಲ ಅಂತಿದ್ದೆ. ಈಗ ಓದೀನಿ. ಯಾವ ರಾಯಭಾರ, ಯಾರ ರಾಯಭಾರ ಅಂತ ಪೊಲೀಸ ಅಮೀನ ಸಾಹೇಬ್ರು ನನ್ನ ಕೇಳಿದ್ರ ಏನ ಹೇಳಲಿ? ಅವ್ರು ಬರೂತನಕ ಕುಂದರ್ರಿ.”

ಕೂತೆ. ನನ್ನೆದುರು ಉಪ್ಪಿನ ಕತ್ತೆಗಳು ದಾಟಿದವು, ಹುಲ್ಲಿನ ಹೊರೆ ಹೊತ್ತ ಹೆಂಗಸರು ದಾಟಿದರು, ಒಂದು ದೊಡ್ಡ ಕುರಿಹಿಂಡು ಎರಡು ದೇಶಗಳ ಮೇಲೂ ಹಿಕ್ಕೆ ಉದುರಿಸುತ್ತ ದಾಟಿತು. ರಹದಾರಿ ಇದ್ದವನು ನಾನೊಬ್ಬನೇ, ತಡೆದದ್ದೂ ನನ್ನೊಬ್ಬನನ್ನೇ. ಇಳಿಹೊತ್ತಿಗೆ ಬಂದ ಅಮೀನರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕು ನನ್ನನ್ನು ಬಿಟ್ಟರು. ಆಚೆ ಕಡೆ ಸಂಸ್ಥಾನದ ವಿರುದ್ಧ ಹೋರಾಡಲು ಶಿಬಿರ ಹಾಕಿದ್ದ ಹುಡುಗರು ನಗಲಿಲ್ಲ. ಕೈಯಲ್ಲಿದ್ದ ಕಾಗದದಲ್ಲಿ ಉರ್ದು ಮತ್ತು ಮೊಹರು ಕಂಡದ್ದೇ, ಗೂಢಚಾರ ಸಿಕ್ಕ ಎಂದು ನನ್ನನ್ನು ಹತ್ತಿ ತುಂಬಿದ ಅಂಡಿಗೆಗಳನ್ನು ಒಟ್ಟಿದ್ದ ಕೋಣೆಯಲ್ಲಿ ಕೂಡಿಹಾಕಿ ಮಾವನವರಿಗೆ ಹೇಳಿ ಕಳಿಸಿದರು. ಮಾವ ಬಂದು ಬಾಗಿಲಲ್ಲಿ ನಿಂತರು.

“ಇವ್ರು ನಿಮ್ಮ ಅಳಿಯಂದಿರು ಹೌದೇನ್ರಿ?” ಎಂದು ಒಬ್ಬ ಕೇಳಿದ.

ಮಾವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮೈಗೆಲ್ಲ ಹತ್ತಿ ಮೆತ್ತಿತ್ತು. “ಹೌದ ಅನ್ನಬೇಕಾಗೇತಿ” ಎಂದರು.

ಗಂಗಾ ಪಡಸಾಲೆಯಲ್ಲಿ ಕೂತಿದ್ದಳು. ಮಗು ಆಗಲೇ ಕೂಡ್ರುವುದನ್ನು ಕಲಿತಿತ್ತು. ಕೈ ಚಾಚಿದೆ. ಅದು ನನ್ನ ಮೀಸೆ ನೋಡಿ, ತುಟಿ ಅದುರಿಸಿ, ಊರು ಕೇಳುವ ಹಾಗೆ ಅತ್ತು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿತು. ಅವಳು ಅದರ ಬೆನ್ನು ತಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು:

“ಅಳಬ್ಯಾಡಪ್ಪ. ಪರದೇಶದವ್ರು ಬಂದಾರ.”

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬೈದದ್ದೆಲ್ಲ ಮರೆತಿದ್ದೇನೆ. ಆ ಮಾತು ಮರೆತಿಲ್ಲ.

ನಾನು ಅಲ್ಲಿರುವಾಗಲೇ ಭಾರತದ ಸೈನ್ಯ ಸಂಸ್ಥಾನದೊಳಗೆ ನುಗ್ಗಿತು. ಮಗು ನನ್ನನ್ನು ನೋಡಿ ಅಳುವುದನ್ನು ಬಿಡುವಷ್ಟರಲ್ಲಿ ಬೇರೆ ದೇಶದ ಕಥೆ ಮುಗಿದೇ ಹೋಗಿತ್ತು. ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಊರಿಗೆ ಬಂದೆ. ನಾಚಿಕೆಯಿಂದ ದೇಸಾಯರು ಅಟ್ಟ ಸೇರಿರಬೇಕು, ರಾಯರು ಊರು ಬಿಟ್ಟಿರಬೇಕು ಎಂದುಕೊಂಡಿದ್ದೆ. ದೇಸಾಯರು ಖಾದಿಯ ಬಿಳಿ ಟೊಪ್ಪಿಗೆ ಹಾಕಿಕೊಂಡು ಅದೇ ಲೋಡಿಗೆ ಒರಗಿದ್ದರು. ರಾಯರು ಭಜಿ ಮುರಿಯುತ್ತ, “ನಾ ಮೊದಲಿಂದ ಅಂತಿದ್ದೆ, ಇದು ನಡಿಯೂದಲ್ಲ ಅಂತ” ಎನ್ನುತ್ತಿದ್ದರು. ಗುರುನಾಥಪ್ಪ ತಲೆಯಾಡಿಸುತ್ತಿದ್ದರು. ನಾನು ಒಬ್ಬೊಬ್ಬರ ಮುಖವನ್ನೂ ಹುಡುಕಿ ನೋಡಿದೆ. ಪೆಚ್ಚಾದ ಗುರುತು ಎಲ್ಲೂ ಇರಲಿಲ್ಲ. ಬಂಡಿ ಹೊಡೆದುಕೊಂಡು ಹೋದವರು ಮರಳಿ ಬಂದು ತಮ್ಮ ಮನೆಗಳ ಸುಟ್ಟ ಜಂತಿಗಳನ್ನು ಎಣಿಸುತ್ತಿದ್ದ ದಿನಗಳು ಅವು. ಮಂಡಳಿಯಲ್ಲಿ ಮಾತ್ರ ಯಾರದೂ ಒಂದು ಕೂದಲು ಕೊಂಕಿರಲಿಲ್ಲ.

ರಾಜೀನಾಮೆ ಕೊಡಲೆಂದೇ ಒಂದು ದಿನ ಮಹಡಿ ಹತ್ತಿದೆ. ಬಾಯಿ ತೆರೆಯುವ ಮುಂಚೆ ದೇಸಾಯರು ಸರಿದು ಲೋಡಿನ ಪಕ್ಕ ಜಾಗ ಮಾಡಿಕೊಟ್ಟರು. ಮಂಡಳಿಯ ಒಬ್ಬ ಸದಸ್ಯ ವಿಧಿಪೂರ್ವಕ ರಹದಾರಿ ಹಿಡಿದು ಗಡಿ ದಾಟಿ, ಎರಡೂ ಕಡೆಯ ಅಧಿಕಾರಿಗಳೊಡನೆ ವ್ಯವಹರಿಸಿ ಬಂದಿದ್ದಾನೆಂದು ರಾಯರು ಸಭೆಗೆ ತಿಳಿಸಿದರು. ಇನ್ನು ನಾನು ಕಾರ್ಯದರ್ಶಿಯಲ್ಲ, ಪರಿಣತ. ಚೀನಾದಲ್ಲಿ ಆಗ ಗದ್ದಲ ಎದ್ದಿತ್ತು. ದಿಲ್ಲಿಯವರು ಏನು ಮಾಡಬೇಕು, ನೀವೇ ಹೇಳಿ ಎಂದರು. ಗೊತ್ತಿಲ್ಲ ಎಂದು ಹೇಳಲು ಹೋದೆ. ಬಿಸಿ ಭಜಿಯ ತಟ್ಟೆ ನನ್ನ ಮುಂದೆ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕೇಳಿಸಿದ್ದು ನನ್ನದೇ ದನಿ. ಬಹಳ ಹೊತ್ತು ಕೇಳಿಸಿತು, ಕೇಳಲು ಚೆನ್ನಾಗಿಯೂ ಇತ್ತು.

ಸಂಜೆ ಮನೆಗೆ ಬಂದು ಜಗುಲಿಯ ಮೇಲೆ ಕಾಲು ಚಾಚಿ, ಚೀನಾದ ಬಗ್ಗೆ ನಾನು ಕೊಟ್ಟ ಸಲಹೆಯನ್ನು ಗಂಗಾಳಿಗೆ ವಿವರಿಸಿದೆ. ಅವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಪೂರ್ತಿ ಕೇಳಿದಳು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು, ಕುಚೇಷ್ಟೆಗಲ್ಲ:

“ಚೀನಾ ಅನ್ನೂದು ನಮ್ಮೂರಿಂದ ಯಾವ ಕಡಿಗೆ ಬರತೈತ್ರಿ?”

ನಾನು ಒಂದು ಕ್ಷಣವೂ ತಡಮಾಡದೆ ಕೈ ಎತ್ತಿ ತೋರಿಸಿದೆ. ಅವಳು ಆ ಕಡೆ ತಿರುಗಿ, ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಅಲ್ಲಿ ಸೂರ್ಯ ಮುಳುಗುತ್ತಿದ್ದ.