ಹಿಂದೆ ನಿಂತವರನ್ನೂ ಎಣಿಸುವ ಮಾಮ

ನಮ್ಮ ಮಾಮನನ್ನು ಮದುವೆಗೆ ಕರೆಯುವವರು ಒಂದು ವಿಷಯ ತಿಳಿದಿರಬೇಕು. ಅವನು ಗಂಡನ್ನೂ ನೋಡುವುದಿಲ್ಲ, ಹೆಣ್ಣನ್ನೂ ನೋಡುವುದಿಲ್ಲ. ನೇರವಾಗಿ ಊಟದ ಹಾಲಿಗೆ ಹೋಗಿ ತಲೆ ಎಣಿಸುತ್ತಾನೆ!

ಮಾಮ ಎಂದರೆ ನಮ್ಮಮ್ಮನ ತಮ್ಮ, ಹೊಳಲ್ಕೆರೆಯ ಬಿ.ಎ. ಪದವೀಧರ. ಚಿತ್ರದುರ್ಗದ ಉದ್ಯೋಗ ವಿನಿಮಯ ಕಚೇರಿಯ ಕಾರ್ಡು ಇಟ್ಟುಕೊಂಡು ಕೆಲಸ ಹುಡುಕುವ ಕೆಲಸದಲ್ಲೇ ಹದಿನಾಲ್ಕು ವರ್ಷ ಸರ್ವೀಸು ಮುಗಿಸಿದವನು. ಇಷ್ಟು ನಿಷ್ಠೆ ಯಾವ ಸರ್ಕಾರಿ ನೌಕರನಿಗಿದೆ, ಹೇಳಿ?

ಆ ವರ್ಷ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದಿದ್ದವು. ದೇಶ ಚೇತರಿಸಿಕೊಂಡಿದೆ, ಉದ್ಯೋಗ ಹೆಚ್ಚುತ್ತಿದೆ ಎಂದು ಪೇಪರುಗಳು ಬರೆಯುತ್ತಿದ್ದವು. ಆಗಷ್ಟೇ ಡಿಗ್ರಿ ಮುಗಿಸಿದ್ದ ನಾನು ಹೊಸದುರ್ಗದ ಒಂದು ಮದುವೆಯಲ್ಲಿ, ಎಲೆಯ ಮುಂದೆ ಕೂತು, ರೇಡಿಯೋ ವಾರ್ತೆಯವರ ದನಿಯಲ್ಲಿ ಇದನ್ನೇ ಓದಿದೆ. ಕಂಡವರ ದನಿ ಕದಿಯುವುದು ನನ್ನ ಚಾಳಿ. ನನಗೆ ಬಂದ ವಿದ್ಯೆಯೂ ಅದೊಂದೇ. ಅಕ್ಕಪಕ್ಕದವರೆಲ್ಲ ನಕ್ಕರು. ಮಾಮ ನಗಲಿಲ್ಲ.

"ಮೊದಲ್ನೇ ಪಂಕ್ತಿಗೆ ನಲವತ್ತು ಎಲೆ ಹಾಕಿದ್ರು, ಈಗ ಐವತ್ತು. ಹತ್ತು ಹೆಚ್ಚಾತು, ನಿಜ. ಈಗ ಹಿಂದಕ್ಕೆ ತಿರುಗಿ ನೋಡಲೇ."

ನೋಡಿದೆ. ನಾನು ಯಾವಾಗ ಮಜ್ಜಿಗೆಗೆ ಬರುತ್ತೇನೋ ಎಂದು ಎಲೆಯನ್ನೇ ದಿಟ್ಟಿಸುತ್ತ ಇಬ್ಬರು ನನ್ನ ಕುರ್ಚಿ ಹಿಡಿದು ನಿಂತಿದ್ದರು. ಪ್ರತಿ ಕುರ್ಚಿಗೂ ಇಬ್ಬರು! ಮೊದಲ ಪಂಕ್ತಿಯಲ್ಲಿ ಒಬ್ಬೊಬ್ಬರೇ ಇದ್ದರಂತೆ. ಎಲೆಯನ್ನಷ್ಟೇ ಎಣಿಸಿದರೆ ಅದು ಪೇಪರಿನ ಸುದ್ದಿ, ನಿಂತವರನ್ನೂ ಎಣಿಸಿದರೆ ಲೆಕ್ಕ ಎಂದು ಮಾಮ ವಿವರಿಸಿದ. ಎಲೆಯಲ್ಲಿದ್ದ ಹೋಳಿಗೆಯನ್ನು ಬೇಗಬೇಗ ಮುಗಿಸಿದೆ. ಆದರೂ ಇನ್ನೊಂದು ಹಾಕಿಸಿಕೊಂಡೆ.

ಅದೇ ವಾರ ಇಬ್ಬರೂ ದುರ್ಗದ ಆ ಉದ್ಯೋಗ ಕಚೇರಿಗೆ ಹೋದೆವು. ನನ್ನದು ಹೊಸ ನೋಂದಣಿ, ಅವನದು ಕಾರ್ಡಿನ ನವೀಕರಣ. ಅದಕ್ಕೆ ಅಂದೇ ಕೊನೆಯ ದಿನ. ತಪ್ಪಿದರೆ ಹದಿನಾಲ್ಕು ವರ್ಷದ ಸೀನಿಯಾರಿಟಿ ಹೋದಂತೆ. ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ನನ್ನ ಕೆಲಸ ಮುಗಿಸಿ ತಿರುಗಿದರೆ, ಬೆನ್ನ ಹಿಂದೆಯೇ ನಿಂತಿದ್ದ ಮಾಮ ಇಲ್ಲ! ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದ. ಕಾರ್ಡು ಜೇಬಿನಲ್ಲೇ ಇತ್ತು.

"ತಲೆ ಕೆಟ್ಟೈತಾ ಮಾಮ? ಇವತ್ತೇ ಕಡೇ ದಿನ."

"ನೀನೊಬ್ಬ ಸೇರ್ಕಂಡೆ, ನಾನೊಬ್ಬ ಬಿಟ್ಟೆ," ಎಂದ ಮೆಲ್ಲಗೆ. "ಸಾಲು ಉದ್ದ ಆಗ್ಲಿಲ್ಲ ನೋಡು."

ಯಾರ ದನಿಯನ್ನೂ ಕದಿಯದೆ, ನನ್ನದೇ ದನಿಯಲ್ಲಿ "ಏಳು ಮಾಮ" ಎಂದೆ. ಅವನ ಜೇಬಿಗೆ ಕೈಹಾಕಿ ಕಾರ್ಡು ತೆಗೆದುಕೊಂಡೆ, ರಟ್ಟೆ ಹಿಡಿದು ಎಬ್ಬಿಸಿದೆ. ಸಾಲಿನ ಕೊನೆಯಲ್ಲಿ ಅವನನ್ನು ನನ್ನ ಮುಂದೆ ನಿಲ್ಲಿಸಿದೆ. ಕಿಟಕಿ ಮುಚ್ಚಲು ಇನ್ನೂ ಒಂದು ಗಂಟೆಯಿತ್ತು. ಅವನ ಸರದಿ ಬರುವವರೆಗೂ ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡೇ ನಿಂತಿದ್ದೆ.